ಅರಳೆಪೇಟೆಯ ಹಕ್ಕಿಗಳೂ ಪಕ್ಷಿಪ್ರಿಯರ ಕರ್ತವ್ಯವೂ

ಪಕ್ಷಿಗಳ ವಿಷಯದಲ್ಲಿ ಬೆಂಗಳೂರಿನ ನಾಗರಿಕರಿಗೆ ಹುಟ್ಟಿರುವ ಆದರವು ಸಂತೋಷಕ್ಕೆ ಕಾರಣವಾದುದೇ ಸರಿ. ಭಾನುವಾರದ ಪ್ರಾತಃಕಾಲದಲ್ಲಿ ಲಾಲ್‌ಬಾಗಿನ ಕೆರೆಯ ಏರಿಯ ಮೇಲೆ ದುರ್ಬೀನನ್ನು ಕೊರಳಿಗೆ ಹಾಕಿಕೊಂಡ ತರುಣ ತರುಣಿಯರ ಗುಂಪು ಮೌನವಾಗಿ ನಡೆಯುವುದನ್ನು ಕಂಡವರು, ಗದ್ದಲಕ್ಕೆ ಹೆಸರಾದ ಈ ನಗರದಲ್ಲಿ ಇಷ್ಟು ಮಂದಿ ಮೌನವಾಗಿರಬಲ್ಲರೆ ಎಂದು ಆಶ್ಚರ್ಯಪಡುವರು. 1970ರ ದಶಕದಲ್ಲಿ ಜೋಸೆಫ್ ಜಾರ್ಜ್ ಮೊದಲಾದವರ ಉತ್ಸಾಹದಿಂದ ಬೆಳೆದ ಬೆಂಗಳೂರು ಪಕ್ಷಿವೀಕ್ಷಕರ ಸಂಘವು ಈ ಅಭ್ಯಾಸಕ್ಕೆ ಅಡಿಗಲ್ಲನ್ನಿಟ್ಟಿತು. 1994ರಲ್ಲಿ ಆ ಸಂಘವು ಬೆಂಗಳೂರಿನ ಹಕ್ಕಿಗಳ ಸಟಿಪ್ಪಣ ಪಟ್ಟಿಯನ್ನು ಪ್ರಕಟಿಸಿತು. ಅಂದಿನಿಂದ ಇಂತಹ ಗುಂಪುಗಳು ಅನೇಕವಾಗಿರುವುವು. ಅವುಗಳ ಶ್ರದ್ಧೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಒಂದು ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲ. ಲಾಲ್‌ಬಾಗಿಗೂ ಕಾಟನ್‌ಪೇಟೆಗೂ ನಡುವಣ ದೂರವು ಹೆಚ್ಚಿನದಲ್ಲ. ಆದರೂ ಆ ಗುಂಪುಗಳಲ್ಲಿ ಕಾಟನ್‌ಪೇಟೆಯ ಮೂಟೆ ಹೊರುವವನ ಮಗಳು ಎಷ್ಟು ಮಂದಿ? ಭಾಷ್ಯಂ ರಸ್ತೆಯ ಗಲ್ಲಿಗಳಲ್ಲಿ ಬಟ್ಟೆ ಹೊಲಿಯುವವನ ಮಗನು ಎಷ್ಟು ಮಂದಿ? ಜನರನ್ನು ಪ್ರಕೃತಿಯೊಡನೆ ಬೆಸೆಯುವುದೇ ತಮ್ಮ ಧ್ಯೇಯವೆಂದು ಪಕ್ಷಿಸಂರಕ್ಷಣೆಯ ಸಂಘಗಳೆಲ್ಲ ಸಾರುತ್ತಿರುವುವು. ಜನರೆಂದರೆ ಯಾರು, ಪ್ರಕೃತಿಯೆಂದರೆ ಎಲ್ಲಿರುವುದು, ಎಂಬ ಎರಡು ಮಾತುಗಳಿಗೆ ಸರಿಯಾದ ಅರ್ಥವನ್ನು ಹೇಳದಿರುವವರೆಗೆ ಆ ಧ್ಯೇಯವಾಕ್ಯವು ಗೋಡೆಯ ಮೇಲಣ ಅಲಂಕಾರವಾಗಿಯೇ ಉಳಿಯುವುದು.

ಪೇಟೆಯಲ್ಲಿ ಹಕ್ಕಿಗಳೆಲ್ಲಿವೆ ಎಂಬುದು ಮೊದಲನೆಯ ಆಕ್ಷೇಪಣೆ. ಇದು ನೋಡದವರ ಮಾತು. ಅರಳೆಪೇಟೆಯೆಂದು ಹಿರಿಯರು ಕರೆಯುತ್ತಿದ್ದ ಈ ಬೀದಿಗಳ ಮೇಲೆ ಹದ್ದುಗಳು ದಿನವೂ ಸುತ್ತುವುವು. ಕಾಗೆ, ಪಾರಿವಾಳ, ಗೊರವಂಕಗಳನ್ನು ಹೇಳಬೇಕಾದುದೇ ಇಲ್ಲ. ಅಶ್ವತ್ಥಕಟ್ಟೆಯ ಮರದಲ್ಲಿ ಹಣ್ಣು ಬಿಟ್ಟ ಕಾಲಕ್ಕೆ ಕೋಗಿಲೆಯೂ ಕುಟುರವೂ ಬರುವುವು. ಹಳೆಯ ಮಾಳಿಗೆಗಳ ಸೂರಿನಡಿಯಲ್ಲಿ ಬಾನಾಡಿಗಳು ಎಂಜಲಿನಿಂದ ಗರಿಗಳನ್ನಂಟಿಸಿ ಗೂಡುಕಟ್ಟಿ ಸಂಜೆಯಲ್ಲಿ ಗುಂಪುಗುಂಪಾಗಿ ಕಿರಿಚುತ್ತ ಹಾರುವುವು. ಕುಂಡದ ದಾಸವಾಳಕ್ಕೆ ಸೂರಕ್ಕಿಯು ಬರುವುದು. ರಾತ್ರಿ ಹೊತ್ತು ಇಲಿಗಳನ್ನು ಬೇಟೆಯಾಡುವ ಕಣಜದ ಗೂಬೆಗೆ ಹಳೆಯ ಕಟ್ಟಡಗಳ ಪೊಟರೆಗಳೇ ಮನೆ. ಒಂದು ಬೀದಿಯ ಹಕ್ಕಿಗಳನ್ನು ಎಣಿಸಲು ಎರಡು ಕೈಗಳ ಬೆರಳು ಸಾಲದೆಂಬುದು ಒಂದು ಬೆಳಗನ್ನು ಕಳೆದ ಯಾವನಿಗೂ ತಿಳಿಯುವುದು. ಹೀಗಿರಲು, ಪ್ರಕೃತಿಯನ್ನು ಕಾಣಬೇಕಾದರೆ ವಾಹನವೇರಿ ಊರಾಚೆಗೆ ಹೋಗಬೇಕೆಂಬ ಉಪದೇಶವು ಪೇಟೆಯ ಬಾಲಕನಿಗೆ ಏನನ್ನು ಕಲಿಸುವುದು? ಅವನ ಮನೆಯ ಸೂರು ಪ್ರಕೃತಿಯಲ್ಲ, ಅವನ ಮನೆಯ ಹಕ್ಕಿ ಹಕ್ಕಿಯಲ್ಲ, ಎಂಬುದನ್ನಲ್ಲವೆ?

ಪೇಟೆಗೂ ನೀರುಹಕ್ಕಿಗಳಿಗೂ ಇದ್ದ ಬಾಂಧವ್ಯವು ಹೇಗೆ ಕಡಿಯಿತೆಂಬುದನ್ನು ಸ್ಮರಿಸುವುದು ಇಲ್ಲಿ ಯುಕ್ತವಾಗಿದೆ. ಕಾಟನ್‌ಪೇಟೆಯ ಬಳಿಯಲ್ಲಿಯೇ ಧರ್ಮಾಂಬುಧಿಯೆಂಬ ಕೆರೆಯಿದ್ದಿತು. ಪೇಟೆಯವರು ಅದರ ನೀರನ್ನು ಆಶ್ರಯಿಸಿದ್ದರು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳ ಮೂಲಕ ನಗರಕ್ಕೆ ಹರಿದುಬಂದ ಮೇಲೆ ಊರೊಳಗಣ ಕೆರೆಗಳು ಅನಾವಶ್ಯಕವೆಂಬ ಭಾವನೆಯು ಬೇರೂರಿತು. ಬೇಡವಾದ ಕೆರೆಯು ಕ್ರಮೇಣ ಬತ್ತಿತು. ಬತ್ತಿದ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವು ಎದ್ದಿತು. ಸಂಪಂಗಿ ಕೆರೆಯಿದ್ದ ಎಡೆಯಲ್ಲಿ ಕಂಠೀರವ ಕ್ರೀಡಾಂಗಣವಾಯಿತು. ಕೆರೆ ಹೋದುದರೊಡನೆ ಹೋದುದು ನೀರು ಮಾತ್ರವಲ್ಲ. ನೀರುಕಾಗೆ, ಮಿಂಚುಳ್ಳಿ, ಟಿಟ್ಟಿಭಗಳ ಪರಿಚಯವೂ ಹೋಯಿತು. ಕೊಳವೆಯ ನೀರನ್ನು ಕುಡಿಯುವವನಿಗೆ ಕೆರೆಯ ಗೊಡವೆಯೇಕೆ ಎಂದು ಒಂದು ತಲೆಮಾರು ಕೇಳಿತು. ಆ ಪ್ರಶ್ನೆಯ ಬೆಲೆಯನ್ನು ಅನಂತರದ ತಲೆಮಾರುಗಳು ತೆರುತ್ತಿರುವುವು.

ಎರಡನೆಯ ಆಕ್ಷೇಪಣೆಯು ಮೊದಲನೆಯದಕ್ಕಿಂತ ಗಂಭೀರವಾದುದು. ಚರಂಡಿಯ ದುರ್ಗಂಧದಲ್ಲಿ, ಇಕ್ಕಟ್ಟಾದ ಕೋಣೆಗಳಲ್ಲಿ, ದಿನದ ಕೂಲಿಯ ಚಿಂತೆಯಲ್ಲಿ ಬದುಕುವ ಜನರ ಮುಂದೆ ಹಕ್ಕಿಗಳ ಸೊಬಗನ್ನು ವರ್ಣಿಸುವುದು ಹಸಿದವನಿಗೆ ಸಂಗೀತವನ್ನು ಕೇಳಿಸಿದಂತೆ ಎಂಬುದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಇದನ್ನಾಡುವವರು ಬಡವರ ವಿಷಯದಲ್ಲಿ ತಿಳಿಯದೆಯೇ ಒಂದು ಅವಮಾನವನ್ನು ಮಾಡುತ್ತಿರುವರು. ಅನ್ನವುಳ್ಳವನಿಗೆ ಮಾತ್ರವೇ ಕಣ್ಣೂ ಕಿವಿಯೂ ಇರುವುವೆ? ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ವೃತ್ತಾಂತವು ಈ ಆಕ್ಷೇಪಣೆಗೆ ತಕ್ಕ ಉತ್ತರವಾಗಿದೆ.

ಶಿಂಷಾ ನದಿಯ ಸಮೀಪದ ಆ ಗ್ರಾಮದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆ ಮರಗಳ ಮೇಲೆಯೇ ಗೂಡುಕಟ್ಟಿ ಮರಿಮಾಡುವುವು. ಆ ಊರಿನವರು ಶ್ರೀಮಂತರಲ್ಲ. ಅವರಿಗೆ ದುರ್ಬೀನುಗಳಿರಲಿಲ್ಲ. ಆದರೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಅವರು ಆ ಹಕ್ಕಿಗಳನ್ನು ಭಾವಿಸಿದರು. ಮರದಡಿಯ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸಿದರು. ಭಾವನೆ ಮತ್ತು ಪ್ರಯೋಜನಗಳೆರಡೂ ಅಲ್ಲಿ ಕೈಹಿಡಿದು ನಡೆದುವು. 1976ರಲ್ಲಿ ಅರಣ್ಯಾಧಿಕಾರಿಗಳಾದ ಎಸ್. ಜಿ. ನೇಗಿನಹಾಳರು ಈ ಗೂಡುದಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಹುಣಿಸೆಯ ಫಲವನ್ನು ಹಕ್ಕಿಗಳಿಗಾಗಿ ಬಿಟ್ಟುಕೊಡುವ ಮರದ ಒಡೆಯರಿಗೆ ಪರಿಹಾರವನ್ನು ಕೊಡುವ ಏರ್ಪಾಡೂ ಆಯಿತು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಸಂಘದವರು ಅಲ್ಲಿಗೆ ಹೋದಾಗ ಉಪನ್ಯಾಸ ಮಾಡಿ ಹಿಂದಿರುಗಲಿಲ್ಲ. ಊರಿನ ಯುವಕರೊಡನೆ ಕಲೆತರು. ಹೆಜ್ಜಾರ್ಲೆ ಬಳಗವೆಂಬ ಕೂಟವು ಬೆಳೆಯಿತು. ಗೂಡಿನಿಂದ ನೆಲಕ್ಕೆ ಬಿದ್ದ ಮರಿಗಳನ್ನು ಆವರಣವೊಂದರಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಡುವ ಕೆಲಸವನ್ನು ಹಳ್ಳಿಯ ಹುಡುಗರೇ ವಹಿಸಿಕೊಂಡರು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಸಮುದಾಯವೆಂಬ ಆ ಶಬ್ದವನ್ನು ಗಮನಿಸಬೇಕು. ರಕ್ಷಣೆಯು ಜನರನ್ನು ಹೊರಗಟ್ಟಿ ನಡೆದುದಲ್ಲ, ಜನರನ್ನು ಒಳಗೊಂಡು ನಡೆದುದು.

ಪ್ರೀತಿಯೊಂದೇ ಸಾಲದೆಂಬ ಪಾಠವನ್ನೂ ಆ ಊರೇ ಕಲಿಸಿತು. 2017ರ ಕೊನೆಯಲ್ಲಿಯೂ ಮುಂದಿನ ವರ್ಷದ ಆದಿಯಲ್ಲಿಯೂ ಅಲ್ಲಿನ ಹೆಜ್ಜಾರ್ಲೆಗಳು ಕರುಳಿನ ಹುಳುಗಳ ಬಾಧೆಯಿಂದ ಒಂದೊಂದಾಗಿ ಸತ್ತುವು. ಹಕ್ಕಿಗೆ ಹುಳು ಸೇರುವುದು ಮೀನಿನಿಂದ; ಮೀನಿಗೆ ಸೇರುವುದು ನೀರಿನಿಂದ. ಮರವನ್ನು ಕಾದವರು ನೀರನ್ನೂ ಕಾಯಬೇಕೆಂಬುದು ಇದರ ತಾತ್ಪರ್ಯ. ಹಾಗೆಯೇ, ಪೇಟೆಯ ಚರಂಡಿಯನ್ನು ಸರಿಪಡಿಸದೆ ಪೇಟೆಯ ಹಕ್ಕಿಯನ್ನು ಕಾಪಾಡಲಾಗದು. ಹಾಗಿದ್ದ ಮೇಲೆ, ಮೊದಲು ಚರಂಡಿ, ಆಮೇಲೆ ಹಕ್ಕಿ, ಎಂದು ವಾದಿಸುವವರಿಗೂ ಪಕ್ಷಿಪ್ರಿಯರಿಗೂ ಜಗಳವೆಲ್ಲಿ? ಇಬ್ಬರೂ ಬೇಡುವುದು ಒಂದೇ ವಸ್ತುವನ್ನು: ನಿರ್ಮಲವಾದ ನೀರು, ನೆರಳು ಕೊಡುವ ಮರ, ಉಸಿರಾಡತಕ್ಕ ಗಾಳಿ.

ಮೂರನೆಯವರು ಆಕ್ಷೇಪಿಸುವುದಿಲ್ಲ. ಅವರು ತಮ್ಮ ಪಾಲಿನ ಧರ್ಮವನ್ನು ಈಗಾಗಲೇ ಮಾಡಿ ಮುಗಿಸಿರುವೆವೆಂದು ನಂಬಿರುವರು. ಬೆಳಗಾದೊಡನೆ ಚೀಲ ತುಂಬ ಜೋಳವನ್ನು ತಂದು ಪಾರಿವಾಳಗಳಿಗೆ ಸುರಿದು, ಕೈಮುಗಿದು, ಪುಣ್ಯವನ್ನು ಸಂಪಾದಿಸಿ ಅಂಗಡಿಯ ಬಾಗಿಲನ್ನು ತೆರೆಯುವರು. ಅವರ ದಯೆಯು ನಿಜವಾದುದು. ಅದನ್ನು ಹಾಸ್ಯಮಾಡುವುದು ಸಲ್ಲದು. ಆದರೆ ದಯೆಗೆ ಕಣ್ಣಿರಬೇಡವೆ? ದೇಶದಲ್ಲಿ ಸಂಖ್ಯೆಯು ಏರುತ್ತಿರುವ ಕೆಲವೇ ಹಕ್ಕಿಗಳಲ್ಲಿ ಪಾರಿವಾಳವೊಂದು. ಅದಕ್ಕೆ ಅನ್ನದಾತರ ಆವಶ್ಯಕತೆಯಿಲ್ಲ. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶದ ಉರಿಯೂತಕ್ಕೆ ಕಾರಣವಾಗಬಲ್ಲುದೆಂದು ವೈದ್ಯರು ಎಚ್ಚರಿಸುತ್ತಿರುವರು. 2025ರಲ್ಲಿ ಮುಂಬಯಿಯ ಪಾರಿವಾಳದ ಕಟ್ಟೆಗಳ ವಿವಾದವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದುದು ಈ ಕಾರಣದಿಂದಲೇ. ಅದೇ ಪೇಟೆಯಲ್ಲಿ ಸೂರು ಕಳೆದುಕೊಂಡ ಗುಬ್ಬಚ್ಚಿಗೆ ಅಂಗೈಯಗಲದ ಎಡೆ ಸಿಕ್ಕುವುದಿಲ್ಲ. ಹೊಟ್ಟೆ ತುಂಬಿದವನಿಗೆ ಔತಣವನ್ನಿಕ್ಕಿ ಹಸಿದವನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅದು ದಾನವೆನಿಸುವುದೆ?

ಗುಬ್ಬಚ್ಚಿಯ ವಿಷಯದಲ್ಲಿ ಮತ್ತೊಂದು ಬಗೆಯ ಭ್ರಾಂತಿಯೂ ಹರಡಿದೆ. ದೂರವಾಣಿಯ ಗೋಪುರಗಳೇ ಗುಬ್ಬಚ್ಚಿಯನ್ನು ಕೊಂದುವೆಂದು ಮನೆಮನೆಯಲ್ಲಿಯೂ ಹೇಳುವರು. 2020ರಲ್ಲಿ ಹೊರಬಂದ ‘ಭಾರತದ ಪಕ್ಷಿಗಳ ಸ್ಥಿತಿ’ ಎಂಬ ವರದಿಯು ಸಮಗ್ರ ದೇಶದಲ್ಲಿ ಗುಬ್ಬಚ್ಚಿಯ ಸಂಖ್ಯೆಯು ಇಪ್ಪತ್ತೈದು ವರ್ಷಗಳಿಂದ ಹೆಚ್ಚುಕಡಮೆ ಸ್ಥಿರವಾಗಿದೆಯೆಂದೂ, ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಇಳಿಮುಖವಾಗಿದೆಯೆಂದೂ ತಿಳಿಸಿತು. ಗೋಪುರಗಳನ್ನು ದೂರುವುದು ಸುಲಭ. ಏತಕ್ಕೆಂದರೆ, ಗೋಪುರವು ಮತ್ತೊಬ್ಬರದು. ಆದರೆ ಗುಬ್ಬಚ್ಚಿಯ ಮರಿಯು ಮೊದಲ ದಿನಗಳಲ್ಲಿ ಬದುಕುವುದು ಹುಳುಹುಪ್ಪಟೆಗಳಿಂದ. ಗಿಡವಿಲ್ಲದ ಅಂಗಳದಲ್ಲಿ ಹುಳುವೆಲ್ಲಿ? ಗೂಡಿಗೆ ಅದು ಬಯಸುವುದು ಗೋಡೆಯ ಬಿರುಕನ್ನು, ಹೆಂಚಿನ ಸಂದನ್ನು, ತೊಲೆಯ ಮೂಲೆಯನ್ನು. ಕಾಟನ್‌ಪೇಟೆಯ ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅಲ್ಲಿ ಗಾಜು ಕಾಂಕ್ರೀಟುಗಳ ನುಣ್ಣನೆಯ ಗೋಡೆಗಳು ಎದ್ದರೆ ಗುಬ್ಬಚ್ಚಿಯು ಎಲ್ಲಿ ನೆಲಸಬೇಕು? ಪಕ್ಕದ ಅಕ್ಕಿಪೇಟೆ, ರಾಗಿಪೇಟೆಗಳಲ್ಲಿ ಗೋಣಿಚೀಲಗಳಿಂದ ಸೋರಿದ ಕಾಳು ಬೀದಿಯಲ್ಲಿ ಬಿದ್ದಿರುತ್ತಿದ್ದ ಕಾಲವೂ ಕಳೆಯಿತು. ಅಪರಾಧಿಯು ಆಕಾಶದಲ್ಲಿಲ್ಲ, ಮನೆಯ ನಕ್ಷೆಯಲ್ಲಿರುವನು. 2010ರಿಂದ ಮಾರ್ಚಿ 20ನೆಯ ದಿನವನ್ನು ಗುಬ್ಬಚ್ಚಿಯ ದಿನವೆಂದು ಆಚರಿಸುವ ಪದ್ಧತಿಯು ಬಂದಿದೆ. ವರ್ಷದ ಉಳಿದ ದಿನಗಳಲ್ಲಿ ಗೂಡಿನ ಬಿಲವನ್ನು ಗಾರೆಯಿಂದ ಮುಚ್ಚಿ, ಆ ಒಂದು ದಿನ ಭಾಷಣ ಮಾಡುವುದರಿಂದ ಗುಬ್ಬಚ್ಚಿಗೆ ಆಗುವ ಲಾಭವೇನು?

ಹದ್ದಿನ ಕಷ್ಟವು ಇನ್ನೂ ಪ್ರತ್ಯಕ್ಷವಾದುದು. ಗಾಳಿಪಟದ ಮಾಂಜಾ ದಾರವು ಅದರ ರೆಕ್ಕೆಯನ್ನು ಕೊಯ್ಯುವುದು. ಮರದ ಕೊಂಬೆಗಳಲ್ಲಿಯೂ ತಂತಿಗಳಲ್ಲಿಯೂ ಸಿಕ್ಕಿಕೊಂಡ ಹಕ್ಕಿಯು ತಲೆಕೆಳಗಾಗಿ ನೇತಾಡುವುದು. ನೈಲಾನ್ ಮತ್ತಿತರ ಕೃತಕ ದಾರಗಳನ್ನು 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ನಿಷೇಧಿಸಿತು. ಗಿಳಿ ಮೊದಲಾದ ದೇಶದ ಕಾಡುಹಕ್ಕಿಗಳನ್ನು ಹಿಡಿದು ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವೇ. ಕಾಯಿದೆಯು ಗ್ರಂಥದಲ್ಲಿದೆ, ದಾರವು ಹುಡುಗನ ಕೈಯಲ್ಲಿದೆ. ಈ ಎರಡರ ನಡುವೆ ನಿಲ್ಲಬೇಕಾದವರು ಯಾರು? ಪೋಲೀಸಿನವರು ಬೀದಿಬೀದಿಗೂ ನಿಲ್ಲಲಾರರು. ಆ ಹುಡುಗನನ್ನು ಒಂದು ಬೆಳಗು ಮಹಡಿಗೆ ಕರೆದೊಯ್ದು, ಹದ್ದು ರೆಕ್ಕೆ ಬಡಿಯದೆ ಬಾಲವನ್ನು ತಿರುಚಿ ದಿಕ್ಕನ್ನು ಬದಲಿಸುವ ಚಾತುರ್ಯವನ್ನು ತೋರಿಸಿದರೆ, ದಂಡಕ್ಕೆ ಅಂಜದವನು ಸ್ನೇಹಕ್ಕೆ ಬಾಗುವನು. ಪಕ್ಷಿಸಂಘದ ನಿಜವಾದ ಕೆಲಸವು ಇದು.

ಇಷ್ಟನ್ನು ಹೇಳಿದ ಮೇಲೆ ಎಣಿಕೆಯ ಕೆಲಸವು ವ್ಯರ್ಥವೆಂದು ಯಾರೂ ತಿಳಿಯಬಾರದು. 1939-40ರಲ್ಲಿ ಸಾಲಿಂ ಆಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸದೆ ಇದ್ದಿದ್ದರೆ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗುತ್ತಿರಲಿಲ್ಲ. 2011ರಲ್ಲಿ ಹೆಸರಘಟ್ಟದ ಹುಲ್ಲುಬಯಲಿನಲ್ಲಿ ಅತ್ಯಂತ ವಿರಳವಾದ ಚಿಕ್ಕ ಎರಳಡ್ಡು ಹಕ್ಕಿಯನ್ನು ಪಕ್ಷಿವೀಕ್ಷಕರು ಗುರುತಿಸಿ ದಾಖಲಿಸದೆ ಇದ್ದಿದ್ದರೆ, ಆ ಬಯಲು ಬರಿಯ ಪಾಳುನೆಲವೆಂಬ ವಾದಕ್ಕೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಚಲನಚಿತ್ರನಗರಿಯ ಯೋಜನೆಯನ್ನೂ ಅನೇಕ ವರ್ಷಗಳ ವಿರೋಧವನ್ನೂ ದಾಟಿ, ಐದು ಸಾವಿರ ಎಕರೆಗೆ ಮೀರಿದ ಆ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು 2024ರಲ್ಲಿ ರಾಜ್ಯದ ವನ್ಯಜೀವಿ ಮಂಡಳಿಯು ಒಪ್ಪಿಗೆಯನ್ನಿತ್ತಿತು. 2023ರ ‘ಭಾರತದ ಪಕ್ಷಿಗಳ ಸ್ಥಿತಿ’ಯು ಸುಮಾರು 30,000 ಮಂದಿ ವೀಕ್ಷಕರು ಬರೆದಿಟ್ಟ ಸುಮಾರು 3 ಕೋಟಿ ದಾಖಲೆಗಳ ಆಧಾರದಿಂದ ಸಿದ್ಧವಾಯಿತು, 942 ಜಾತಿಗಳನ್ನು ಪರಿಶೀಲಿಸಿ ಅವುಗಳಲ್ಲಿ 178ಕ್ಕೆ ಶೀಘ್ರವಾದ ರಕ್ಷಣೆ ಬೇಕೆಂದು ಸಾರಿತು. ಸಂಬಳವಿಲ್ಲದ ಸಾಮಾನ್ಯರು ಸೇರಿ ಕಟ್ಟಿದ ಇಂತಹ ಜ್ಞಾನಭಂಡಾರವು ಅಪೂರ್ವವಾದುದು. ನೆರೆಯ ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೆ ಮೀರಿದ ಸ್ವಯಂಸೇವಕರು ಸೇರಿ ಇಡೀ ರಾಜ್ಯದ ಪಕ್ಷಿಗಳ ನಕ್ಷೆಯನ್ನು ರಚಿಸಿದರು.

ದೋಷವಿರುವುದು ಎಣಿಕೆಯಲ್ಲಲ್ಲ, ಎಣಿಕೆಯ ಭಾಷೆಯಲ್ಲಿ. ಕನ್ನಡನಾಡಿನ ನಡುಮನೆಯಲ್ಲಿ ಕುಳಿತು, ಕನ್ನಡದ ಮರದ ಮೇಲಣ ಹಕ್ಕಿಯನ್ನು ನೋಡಿ, ಕನ್ನಡಿಗನು ಕನ್ನಡಿಗನಿಗೆ ಇಂಗ್ಲಿಷಿನಲ್ಲಿ ಅದರ ಹೆಸರನ್ನು ಹೇಳುವನು. ಮಡಿವಾಳ, ಪಿಕಳಾರ, ಕೆಂಬರಲು, ಹಾಲಕ್ಕಿ, ರತ್ನಪಕ್ಷಿ ಎಂಬ ಹೆಸರುಗಳು ಯಾರ ಬಾಯಲ್ಲಿ ಉಳಿಯಬೇಕು? ಪೂರ್ಣಚಂದ್ರ ತೇಜಸ್ವಿಯವರು ‘ಕನ್ನಡ ನಾಡಿನ ಹಕ್ಕಿಗಳು’, ‘ಮಿಂಚುಳ್ಳಿ’ ಮೊದಲಾದ ಪುಸ್ತಕಗಳನ್ನು ಕನ್ನಡದಲ್ಲಿ ಬರೆದು, ಹಕ್ಕಿಯ ವಿಷಯವು ಈ ನುಡಿಗೆ ಭಾರವಲ್ಲವೆಂಬುದನ್ನು ತೋರಿಸಿಕೊಟ್ಟರು. ಹೆಸರು ಗೊತ್ತಿಲ್ಲದುದನ್ನು ಜನರು ಪ್ರೀತಿಸಲಾರರು. ಪರಭಾಷೆಯ ಹೆಸರಿನಿಂದ ಗೊತ್ತಾದುದನ್ನು ಪರರದೆಂದೇ ಎಣಿಸುವರು. ಲೋಕದ ವಿದ್ವಾಂಸರೊಡನೆ ವ್ಯವಹರಿಸಲು ಇಂಗ್ಲಿಷ್ ಇರಲಿ, ಲ್ಯಾಟಿನ್ ಇರಲಿ. ಕಾಟನ್‌ಪೇಟೆಯ ಮಗುವಿಗೆ ಅವಳ ಮನೆಯ ನುಡಿಯೇ ಬೇಕು. ಆ ನುಡಿಯು ಆ ಬೀದಿಯಲ್ಲಿ ಕನ್ನಡವಾಗಬಹುದು, ಉರ್ದುವಾಗಬಹುದು, ತಮಿಳು ತೆಲುಗುಗಳಾಗಬಹುದು. ಹಕ್ಕಿಯನ್ನು ತೋರಿಸಬಂದವನು ಅವುಗಳನ್ನೂ ಕಿವಿಗೊಟ್ಟು ಕೇಳಬೇಕು. ಕಲಿಸುವುದಕ್ಕೆ ಬಂದವನಿಗೆ ಕಲಿಯುವುದೂ ಬಹಳವಿರುವುದು.

ಪಕ್ಷಿಸಂರಕ್ಷಣೆಯು ಹಿಂದೆಯೂ ಹತ್ತಿಯ ಊರುಗಳಿಗೆ ಹೊರಗಾದುದಲ್ಲ. ಇಂಗ್ಲೆಂಡಿನಲ್ಲಿ ಟೋಪಿಗಳ ಅಲಂಕಾರಕ್ಕಾಗಿ ಹಕ್ಕಿಗಳನ್ನು ಲಕ್ಷಗಟ್ಟಲೆಯಾಗಿ ಕೊಲ್ಲುತ್ತಿದ್ದ ಕಾಲದಲ್ಲಿ, ಹತ್ತಿಯ ಗಿರಣಿಗಳಿಗೆ ಹೆಸರಾದ ಮ್ಯಾಂಚೆಸ್ಟರಿನ ಬಳಿಯ ಡಿಡ್ಸ್‌ಬರಿಯಲ್ಲಿ 1889ರಲ್ಲಿ ಎಮಿಲಿ ವಿಲಿಯಮ್ಸನ್ ಎಂಬ ಮಹಿಳೆಯು ಪಕ್ಷಿರಕ್ಷಣಾ ಸಂಘವೊಂದನ್ನು ತನ್ನ ಮನೆಯಲ್ಲಿಯೇ ಸ್ಥಾಪಿಸಿದಳು. ಅದರ ಸದಸ್ಯೆಯರು ಗರಿಯ ಟೋಪಿಯನ್ನು ಧರಿಸುವುದಿಲ್ಲವೆಂಬ ಪ್ರತಿಜ್ಞೆಯನ್ನು ಮಾಡಿದರು. ಭಾರತದಿಂದ ಗರಿಗಳ ರಫ್ತನ್ನು 1902ರಲ್ಲಿ ಸರ್ಕಾರವು ನಿಷೇಧಿಸಿತು. ಬ್ರಿಟನ್ನಿಗೆ ಗರಿಗಳ ಆಮದನ್ನು ತಡೆಯುವ ಕಾಯಿದೆಯು 1921ರಲ್ಲಿ ಬಂದಿತು. ಸಂಘ ಹುಟ್ಟಿದುದಕ್ಕೂ ಕಾಯಿದೆ ಬಂದುದಕ್ಕೂ ನಡುವೆ ಮೂವತ್ತೆರಡು ವರ್ಷಗಳು ಕಳೆದುವು. ಅಷ್ಟು ಕಾಲ ಆ ಮಹಿಳೆಯರು ಮಾಡಿದುದು ದೂರದ ದ್ವೀಪಗಳ ಯಾತ್ರೆಯನ್ನಲ್ಲ. ತಮ್ಮ ತಮ್ಮ ಬೀದಿಗಳಲ್ಲಿ, ಅಂಗಡಿಗಳಲ್ಲಿ, ಪರಿಚಿತರ ಮನೆಗಳಲ್ಲಿ ವಾದ ಮಾಡಿದರು. ಅವರು ಮೊದಲು ಬದಲಾಯಿಸಿದುದು ನೆರೆಯವರ ತಲೆಯ ಮೇಲಣ ಟೋಪಿಯನ್ನು. ಅರಳೆಪೇಟೆಯಲ್ಲಿ ಮೊದಲು ಬದಲಾಯಿಸಬೇಕಾದುದು ನೆರೆಯವರ ಮನೆಯ ಸೂರನ್ನು.

ಹಾಗಾದರೆ ಸಂಘಗಳು ಮಾಡತಕ್ಕುದೇನು? ಮೊದಲನೆಯದು, ತಿಂಗಳ ನಾಲ್ಕು ಭಾನುವಾರಗಳಲ್ಲಿ ಒಂದನ್ನು ಪೇಟೆಗೆ ಮೀಸಲಿಡಲಿ. ಕಾಟನ್‌ಪೇಟೆಯ ಶಾಲೆಯೊಂದರ ಅಂಗಳದಲ್ಲಿ ಸೇರಿ, ಎರಡು ಗಲ್ಲಿಗಳನ್ನು ಸುತ್ತಿ, ಕಂಡುದನ್ನು ಆ ಮಕ್ಕಳ ಕೈಯಲ್ಲಿಯೇ ಬರೆಯಿಸಲಿ. ಎರಡನೆಯದು, ಆ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಮಾಡಿಸಿ ಗರಡಿಮನೆ, ಮಸೀದಿ, ದೇವಸ್ಥಾನ, ಹೋಟೆಲುಗಳ ಬಾಗಿಲುಗಳಲ್ಲಿ ಅಂಟಿಸಲಿ. ಮುಂದಿನ ವರ್ಷ ಅದೇ ಪಟ್ಟಿಯನ್ನು ಪುನಃ ನೋಡಿ ಹೆಚ್ಚಿದುದೆಷ್ಟು, ಕುಂದಿದುದೆಷ್ಟು ಎಂದು ಜನರೇ ಲೆಕ್ಕ ಹಾಕಲಿ. ಮೂರನೆಯದು, ಹೊಸ ಮನೆ ಕಟ್ಟುವವರ ಬಳಿಗೂ ಮೇಸ್ತ್ರಿಗಳ ಬಳಿಗೂ ಹೋಗಿ, ಗೋಡೆಯಲ್ಲಿ ಒಂದೆರಡು ಗೂಡಿನ ಬಿಲಗಳನ್ನು ಬಿಡುವಂತೆ ಕೇಳಿಕೊಳ್ಳಲಿ. ಅದಕ್ಕೆ ತಗಲುವ ವೆಚ್ಚವು ಅತ್ಯಲ್ಪ. ನಾಲ್ಕನೆಯದು, ಉಳಿದಿರುವ ಅಶ್ವತ್ಥ, ಆಲ, ಹೊಂಗೆಗಳನ್ನು ಒಂದೊಂದಾಗಿ ಗುರುತಿಸಿ, ಯಾವ ಮರಕ್ಕೆ ಕೊಡಲಿ ಬಿದ್ದರೂ ಕೇಳುವ ನೆರೆಹೊರೆಯವರು ನಾಲ್ವರಿರುವಂತೆ ನೋಡಿಕೊಳ್ಳಲಿ. ಇವುಗಳಲ್ಲಿ ಯಾವುದೂ ಅಸಾಧ್ಯವಾದುದಲ್ಲ. ಮಾಡುವ ಮನಸ್ಸು ಮಾತ್ರ ಬೇಕು.

ಇಂತಹ ಸಹವಾಸಕ್ಕೆ ಕಾಟನ್‌ಪೇಟೆಯು ಹೊಸತಲ್ಲ. ವರ್ಷಕ್ಕೊಮ್ಮೆ ಧರ್ಮರಾಯನ ಗುಡಿಯಿಂದ ಹೊರಟ ಕರಗವು ಈ ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬಂದು ಗೌರವವನ್ನು ಸಲ್ಲಿಸಿ ಮುಂದೆ ಸಾಗುವುದು. ಒಂದು ರಾತ್ರಿಯ ಮಟ್ಟಿಗಾದರೂ ಇಕ್ಕಟ್ಟಾದ ಬೀದಿಯು ಎಲ್ಲರಿಗೂ ಎಡೆಗೊಡುವಷ್ಟು ಅಗಲವಾಗುವುದೆಂಬುದನ್ನು ಇಲ್ಲಿನ ಜನರು ಬಲ್ಲರು. ಮನುಷ್ಯರಿಗಾಗಿ ಅಗಲವಾಗಬಲ್ಲ ಬೀದಿಯು ಒಂದು ಹಿಡಿಯಷ್ಟು ದೇಹದ ಗುಬ್ಬಚ್ಚಿಗಾಗಿ ಅಗಲವಾಗಲಾರದೆಂದು ನಂಬಲು ಕಾರಣವಿಲ್ಲ.

ಧರ್ಮಾಂಬುಧಿಯು ಹೋಯಿತು, ಅದನ್ನು ಹಿಂದಕ್ಕೆ ತರಲಾಗದು. ಬಸ್ಸುಗಳ ಮೇಲೆ ಇಂದಿಗೂ ಸುತ್ತುವ ಹದ್ದುಗಳು ಹೋಗಿಲ್ಲ. ಮಾಳಿಗೆಯ ಬಾನಾಡಿ ಹೋಗಿಲ್ಲ. ಗುಬ್ಬಚ್ಚಿಯು ಹೊಸಿಲಿನಲ್ಲಿ ನಿಂತಿದೆ. ಹೋದ ಮೇಲೆ ಪಟ್ಟಿಯಲ್ಲಿ ಒಂದು ಗೀಟನ್ನೆಳೆದು ವಿಷಾದಿಸುವ ಪಕ್ಷಿಪ್ರೇಮವು ಯಾರಿಗೂ ಬೇಕಿಲ್ಲ. ಪಕ್ಷಿಸಂಘಗಳ ಸನ್ಮಿತ್ರರು ದುರ್ಬೀನನ್ನು ಒಂದು ಗಳಿಗೆ ಇಳಿಸಿ, ಪೇಟೆಯ ಬಾಗಿಲನ್ನು ತಟ್ಟಲಿ. ಒಳಗಿರುವವರು ಏಳುವರು, ಅವರು ಬೆಳಗಿನ ಹಕ್ಕಿಯ ಕೂಗಿಗೆ ಏಳುವವರೇ ಆಗಿರುವರು.